ಕತ್ತಿಯ ಕೆಳಗೆ ಎರಡು ಕುತ್ತಿಗೆ

ಯರಗಟ್ಟಿಯ ಬಸ್ ನಿಲ್ದಾಣದ ಎದುರು ಕ್ಷೌರದಂಗಡಿ ಇಟ್ಟಿದ್ದ ಯಮನಪ್ಪನ ಕೈ ಬಲು ಹಗುರ. ಸಂತೆಯ ದಿನ ಅವನಿಗೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ೧೯೭೪ರ ಬೇಸಿಗೆಯಲ್ಲಿ ಅವನಿಗೆ ತಲೆನೋವು ಹತ್ತಿಕೊಂಡಿತು. ಸಂಜೆಯಾದರೆ ಮೈ ಬಿಸಿ, ಬೆಳಗ್ಗೆ ಎದ್ದರೆ ವಾಂತಿ. ಬಿಸಿಲಿನ ಕಾಟವೆಂದುಕೊಂಡು ನೆತ್ತಿಗೆ ಎಣ್ಣೆ ತಿಕ್ಕಿಕೊಂಡು ಅಂಗಡಿ ತೆರೆಯುತ್ತಲೇ ಇದ್ದ.

ಒಂದು ಮುಂಜಾನೆ ದೊಡವಾಡದ ಮುದಕಪ್ಪ ದಾಡಿಗೆ ಕುಳಿತಿದ್ದ. ನೊರೆ ಹಚ್ಚಿ ಕತ್ತಿ ಎತ್ತಿದ ಯಮನಪ್ಪ ಹಾಗೇ ನಿಂತುಬಿಟ್ಟ. ಎದುರಿಗೆ ಎರಡು ಕುತ್ತಿಗೆ! ಪಕ್ಕಪಕ್ಕದಲ್ಲೇ ಇದ್ದವು, ಎರಡರಲ್ಲೂ ಗಂಟಲಮಣಿ ಮೇಲೆ ಕೆಳಗೆ ಆಡುತ್ತಿತ್ತು. ಯಾವುದು ನಿಜವಾದದ್ದು? ಬೆವೆತ ಕೈಯಿಂದ ಕತ್ತಿ ಜಾರಿ ಬಿತ್ತು.

“ಯಾಕೋ, ಏನಾತು?”

“ಎದ್ದು ಹೋಗ್ರಿ ಮುದಕಪ್ಪಣ್ಣಾ. ಇವತ್ತ ನನ್ನ ಕೈಯಾಗ ಕೂಡಬ್ಯಾಡ್ರಿ.”

ಮನೆಗೆ ಬಂದಾಗ ಹೆಂಡತಿ ಇಂದ್ರವ್ವ ಅವನ ಮುಖ ನೋಡಿ ಬೆಚ್ಚಿದಳು. “ಅಯ್ಯ ಶಿವನ! ನಿಮ್ಮ ಎಡಗಣ್ಣು ಮೂಗಿನ ಕಡೆ ತಿರುಗೇತಲ್ರಿ!”

ಓಣಿಯವರು ಮಾಟವೆಂದರು. ಇಂದ್ರವ್ವ ಅವರ ಮಾತಿಗೆ ಕಿವಿಗೊಡದೆ ಗಂಡನನ್ನು ಧಾರವಾಡದ ಬಸ್ಸು ಹತ್ತಿಸಿದಳು. ಕುಲುಕಿದಾಗಲೆಲ್ಲ ಕತ್ತಿನಲ್ಲಿ ಸಲಾಕೆ ಹೊಕ್ಕಂತಾಗಿ ಅವನು ಹಲ್ಲು ಕಚ್ಚುತ್ತಿದ್ದ.

ದೊಡ್ಡಾಸ್ಪತ್ರೆಯ ಡಾಕ್ಟರು ಬೆನ್ನುಮೂಳೆಯಿಂದ ನೀರು ತೆಗೆಸಿ ನೋಡಿದರು. “ಮೆದುಳಿನ ಪೊರಿಗೆ ಟಿ.ಬಿ. ಆಗೇತಿ. ಕಣ್ಣು ಹೊರಳಿಸೋ ನರಕ್ಕ ಅದರ ಪೆಟ್ಟು ಬಿದ್ದೈತಿ.”

“ಕಣ್ಣು ಹೋಗ್ತಾವೇನ್ರಿ ಸಾಹೇಬ್ರ?” ಯಮನಪ್ಪ ಕೇಳಿದ.

“ಮೊದಲ ಜೀವ ಉಳಿಸ್ಕೊಳ್ಳೂಣು. ಔಷಧ ಮಾತ್ರ ನಡುವ ಬಿಡಬ್ಯಾಡ.”

ಪಕ್ಕದ ಹಾಸಿಗೆಯಲ್ಲಿ ಅದೇ ರೋಗದ ಒಬ್ಬ ಸವದತ್ತಿಯವನಿದ್ದ. ಮಧ್ಯಾಹ್ನ ನಿದ್ದೆ ಹೋದವನು ಎಷ್ಟು ಕರೆದರೂ ಏಳಲಿಲ್ಲ. ಅವನನ್ನು ಹೊತ್ತೊಯ್ದಾಗಿನಿಂದ ಯಮನಪ್ಪನಿಗೆ ರೆಪ್ಪೆ ಮುಚ್ಚಲೂ ಹೆದರಿಕೆ.

“ಏನರ ಮಾತಾಡಕೋತ ಇರು. ನನಗ ನಿದ್ದಿ ಹತ್ತಗೊಡಬ್ಯಾಡ” ಎಂದು ಹೆಂಡತಿಯ ಸೆರಗು ಹಿಡಿದುಕೊಂಡ.

ಇಂದ್ರವ್ವ ಆಡು ಈದದ್ದು, ನೀರಿಗಾಗಿ ಓಣಿಯಲ್ಲಿ ಜಗಳವಾದದ್ದು, ಎಲ್ಲ ಹೇಳಿದಳು. ಹೇಳುವುದು ತೀರಿದ ಮೇಲೆ ಸುಳ್ಳು ಕಟ್ಟಿ ಹೇಳಿದಳು. ಅವನಿಗೆ ಜೊಂಪು ಹತ್ತಿದರೆ ಅವಳು ಅವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು.

ದಿನವೂ ಸೂಜಿ, ಹಿಡಿ ಗುಳಿಗೆ. ಮೊದಲು ಜ್ವರ ಬಿಟ್ಟಿತು, ಆಮೇಲೆ ಕತ್ತು ಸಡಿಲಾಯಿತು. ದೀಪಾವಳಿಯ ಹೊತ್ತಿಗೆ ಕಣ್ಣೂ ಬಹುಮಟ್ಟಿಗೆ ನೆಟ್ಟಗಾಯಿತು. ಎಡಕ್ಕೆ ಹೊರಳಿಸಿದರೆ ಮಾತ್ರ ಈಗಲೂ ಎರಡು ಕಾಣುತ್ತಿತ್ತು.

ಯಮನಪ್ಪ ಮತ್ತೆ ಅಂಗಡಿ ತೆರೆದ. ಕತ್ತರಿ ಹಿಡಿದ, ದಾಡಿಯ ಕೆಲಸ ಭಾವಮೈದುನನಿಗೆ ಬಿಟ್ಟ. ಆದರೂ ತಲೆ ತುಸು ನೊಂದರೆ ಸಾಕು, ಇಂದ್ರವ್ವನನ್ನು ಕರೆದು ಎದುರು ನಿಲ್ಲಿಸಿಕೊಂಡು ದಿಟ್ಟಿಸುತ್ತಿದ್ದ. ಅವಳು ಒಬ್ಬಳೇ ಕಂಡ ಮೇಲೆಯೇ ಊಟಕ್ಕೆ ಕೂಡುತ್ತಿದ್ದ.