ನಾನು ದಾಟಿಸದ ಮಾತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತೆ, ಎದ್ದೆ. ಈ ಮನೆಯಲ್ಲಿ ಕನ್ನಡ ಓದುವವರು ಇನ್ನೊಬ್ಬರಿದ್ದಾರೆ. ಅವರ ಕಣ್ಣಿಗೆ ಬಿದ್ದೀತೆಂಬ ಅಂಜಿಕೆಯಿಂದ ಇಷ್ಟು ವರ್ಷ ಮುಂದೂಡಿದೆ.

ನನ್ನ ಮೊಮ್ಮಗಳಿಗೆ ಆಗ ಏಳು ವರ್ಷ. ಮೊದಲು ಒಂದು ಕಣ್ಣು ಒಳಕ್ಕೆ ತಿರುಗಿತು. ಆಮೇಲೆ ಕುಡಿದ ನೀರು ತುಟಿಯಂಚಿನಿಂದ ಸೋರತೊಡಗಿತು, ಗೋಡೆ ಹಿಡಿದು ನಡೆಯತೊಡಗಿದಳು. ಸ್ಕ್ಯಾನ್ ಮಾಡಿದವರು ಮೆದುಳಿನ ಕಾಂಡದಲ್ಲಿ ಗೆಡ್ಡೆಯಿದೆ ಎಂದರು. ಮಗನಿಗೆ ಈ ತೆಲುಗು ಊರಿನ ಬಾಲಾನಗರದ ಕಾರ್ಖಾನೆಯಲ್ಲಿ ರಜೆ ಸಿಗುತ್ತಿರಲಿಲ್ಲ. ಮಗುವನ್ನು ಕರೆದುಕೊಂಡು ನಾನೂ ಸೊಸೆಯೂ ಆಸ್ಪತ್ರೆಗೆ ಹೋಗುತ್ತಿದ್ದೆವು. ಅಫಜಲಪುರದ ಕಡೆಯ ಸೊಸೆಗೆ ತೆಲುಗು, ಹಿಂದಿ ಎರಡೂ ಬರುತ್ತಿರಲಿಲ್ಲ. ಹೊರಗಿನ ಮಾತೆಲ್ಲ ನನ್ನ ಬಾಯಿಂದಲೇ ಅವಳಿಗೆ ತಲುಪಬೇಕಿತ್ತು. ಆ ಹಿರಿತನ ನನಗೆ ಹಿತವಾಗಿಯೇ ಇತ್ತು.

ಡಾಕ್ಟರು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಉಸಿರಾಟ ನಡೆಸುವ ನರಗಳ ನಡುವೆಯೇ ಗೆಡ್ಡೆ ಹರಡಿದೆ, ಕತ್ತರಿಸಿ ತೆಗೆಯಲಾಗದು. ಔಷಧಿಗಳಿಂದಲೂ ಹೆಚ್ಚಿನ ಉಪಯೋಗ ಕಂಡಿಲ್ಲ. ಆರು ವಾರ ರೇಡಿಯೇಷನ್ ಕೊಟ್ಟರೆ ಕೆಲವು ತಿಂಗಳು ಚೆನ್ನಾಗಿರಬಹುದು, ಆಮೇಲೆ ಮತ್ತೆ ಬರುತ್ತದೆ. ಅದು ಬೇಡವೆಂದರೆ ಬಾವು ಇಳಿಸುವ ಮಾತ್ರೆ ಕೊಟ್ಟು ನೋವಿಲ್ಲದಂತೆ ಮನೆಯಲ್ಲಿ ನೋಡಿಕೊಳ್ಳಬಹುದು. ತಾಯಿಯನ್ನು ಕೇಳಿ ಹೇಳಿ ಎಂದರು. ರೇಡಿಯೇಷನ್ ಕೊಡಿಸಿದರೆ, ಆ ಒಳ್ಳೆಯ ತಿಂಗಳುಗಳನ್ನು ಮಗು ಬಯಸಿದಂತೆ ಕಳೆಯಿರಿ ಎಂದೂ ಹೇಳಿದರು.

“ಏನಂದ್ರು ಮಾವಾರ?”

“ಕರೆಂಟ್ ಕೊಟ್ರ ಗಡ್ಡಿ ಕರಗತೈತಂತವ್ವಾ. ಪೂರಾ ಆರಾಮ ಆಗ್ತಾಳ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಆ ನಗು ಕೆಡಿಸಲು ಆಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಗನಿಗೆ ನಿಜ ತಿಳಿಸಿ, ಅವಳ ಮುಂದೆ ಬಾಯಿ ಬಿಡಬೇಡ ಎಂದೆ. ಅವನು ನನ್ನ ಮಾತು ಮೀರುವವನಲ್ಲ.

ಆರು ವಾರ ಮಗುವಿನ ಮುಖಕ್ಕೆ ಜಾಲರಿಯಂಥ ಮುಖವಾಡ ಬಿಗಿದು ಮೇಜಿನ ಮೇಲೆ ಮಲಗಿಸಿದರು. ಕೊನೆಗೆ ಕಣ್ಣು ನೆಟ್ಟಗಾಯಿತು, ಗೋಡೆ ಬಿಟ್ಟು ನಡೆದಳು. ಅವ್ವನ ತವರಿಗೆ ಹೋಗಬೇಕು, ಅಲ್ಲಿ ಹುಟ್ಟಿದ ಕರು ನೋಡಬೇಕು ಎಂದು ದಿನವೂ ಕಾಡುತ್ತಿದ್ದಳು. ಸೊಸೆ, ತಪ್ಪಿದ ಪಾಠ ಮುಗಿಸು, ಬ್ಯಾಸಿಗಿ ಸೂಟಿಗೆ ಹೋಗೋಣ ಎನ್ನುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಟ್ಯೂಷನ್, ಅದು ಮುಗಿದರೆ ಮಗ್ಗಿ. ಹದಿಮೂರರ ಮಗ್ಗಿ ತಪ್ಪಿದ ದಿನ ಬೆನ್ನಿಗೆ ಅವ್ವನ ಒಂದು ಏಟು ಬಿತ್ತು. ನಾನು ಪೇಪರ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಓದುತ್ತಿರಲಿಲ್ಲ. ಪೇಪರ್ ಕೆಳಗಿಡಲೂ ಇಲ್ಲ.

ಸೂಟಿಗೆ ಮೊದಲೇ ಕಣ್ಣು ಮತ್ತೆ ತಿರುಗಿತು. ಈ ಸಲ ಗಂಟಲು ಊಟ ನುಂಗಲಿಲ್ಲ. ಮಗು ಹೋಯಿತು.

ಹದಿಮೂರನೆಯ ದಿನ ಬಂದವರೆಲ್ಲ ಹೋದ ಮೇಲೆ ಸೊಸೆ ನನ್ನೆದುರು ಕೂತು ಹೇಳಿದಳು: “ಆ ಡಾಕ್ಟರ್ ಸುಳ್ಳ ಹೇಳ್ಯಾರ್ರಿ ಮಾವಾರ. ಖರೇ ಹೇಳಿದ್ರ ಊರಿಗಿ ಕರ್ಕೊಂಡ್ ಹೋಗ್ತಿದ್ನಿ. ಆಕಿ ಮ್ಯಾಲ ಕೈ ಎತ್ತತಿರಲಿಲ್ಲ.”

“ಹೌದವ್ವಾ,” ಎಂದೆ.

ಇಂದಿಗೂ ಅವಳು ಆ ಡಾಕ್ಟರನ್ನು ಶಪಿಸುತ್ತಾಳೆ. ಈಗ ತೆಲುಗು ಚೆನ್ನಾಗಿ ಕಲಿತಿದ್ದಾಳೆ. ನನ್ನ ಕಿವಿ ಮಂದವಾಗಿದೆ. ಸಕ್ಕರೆ ಕಾಯಿಲೆಗೆ ನನ್ನನ್ನು ದವಾಖಾನೆಗೆ ಕರೆದೊಯ್ಯುವವಳು ಅವಳೇ. ಡಾಕ್ಟರು ಹೇಳಿದ್ದನ್ನು, ನನಗೆ ಬೇಸರವಾಗುವುದನ್ನೂ ಸೇರಿಸಿ, ಒಂದು ಮಾತೂ ಬಿಡದೆ ಕಿವಿಯ ಹತ್ತಿರ ಹೇಳುತ್ತಾಳೆ. ಪ್ರತಿ ಸಲ ಆ ಹೊತ್ತಿಗೆ ಬಾಯಿ ತೆರೆಯುತ್ತೇನೆ, ಮುಚ್ಚುತ್ತೇನೆ. ನಾನು ತಪ್ಪೊಪ್ಪಿಕೊಳ್ಳಬೇಕಾದದ್ದು ಅವಳ ಮುಂದೆ, ನನ್ನ ಸೊಸೆಯ ಮುಂದೆ; ಇನ್ನೂ ಒಪ್ಪಿಕೊಂಡಿಲ್ಲ.