ನಮ್ಮ ಕಚೇರಿಯ ದುಭಾಷಿ ಮೇಷ್ಟ್ರು

ನಿರಾಶ್ರಿತರ ಅರ್ಜಿ ನೋಡುವ ನಮ್ಮ ಕಚೇರಿಯಲ್ಲಿ ದುಭಾಷಿಯನ್ನು ಎಲ್ಲರೂ ಮೇಷ್ಟ್ರು ಎನ್ನುತ್ತೇವೆ. ಅಫ್ಘಾನಿಸ್ತಾನದಲ್ಲಿ ಪಾಠ ಹೇಳುತ್ತಿದ್ದವರು ಈಗ ನಮ್ಮ ಮಾತನ್ನು ತಮ್ಮ ದೇಶದವರಿಗೆ ದಾಟಿಸುತ್ತಾರೆ. ಬಾಗಿಲು ತೆರೆಯುವ ಮೊದಲೇ ಬಂದು, ಅರ್ಜಿದಾರರ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, ಅದರ ಅಲುಗಾಡುವ ಕಾಲಿನ ಕೆಳಗೆ ಕಾಗದ ಮಡಿಸಿಡುತ್ತಾರೆ. ಗೋಡೆಗೆ ಭುಜ ತಾಗಿದರೆ ಗೋಡೆಯನ್ನೇ ಕ್ಷಮೆ ಕೇಳುವ ಆಸಾಮಿ. ನಾನು “ಅರ್ಜಿ ವಜಾ” ಎಂದು ಎರಡೇ ಮಾತು ಹೇಳಿದರೆ ಅದನ್ನವರು ಕಾಲು ಗಂಟೆ ಹೇಳುತ್ತಾರೆ. “ಏನ್ ಮೇಷ್ಟ್ರೇ, ಎರಡು ಮಾತಿಗೆ ಇಷ್ಟುದ್ದ ಪುರಾಣಾನಾ?” ಎಂದು ನಾವು ನಗುತ್ತೇವೆ. “ನಮ್ಮ ಭಾಷೆ ಸ್ವಲ್ಪ ನಿಧಾನ ಸಾರ್,” ಎಂದು ಅವರೂ ನಗುತ್ತಾರೆ. ಮೊನ್ನೆ ಒಬ್ಬ ಅಜ್ಜಿಯ ಅರ್ಜಿ ವಜಾ ಮಾಡಿ, ಇನ್ನು ಈಕೆಯನ್ನು ವಾಪಸ್ ಕಳಿಸುವುದೊಂದೇ ಬಾಕಿ ಎಂದು ಕಡತ ಮುಚ್ಚಿದೆ. ಮೇಷ್ಟ್ರ ಮಾತು ಮುಗಿದ ಮೇಲೆ ಆಕೆ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಹೊರಗೆ ಕಾಯುತ್ತಿದ್ದ, ನಮ್ಮ ಮಾತು ಬಲ್ಲ ಮೊಮ್ಮಗಳು ಆಮೇಲೆ ಅಜ್ಜಿಯ ಕೈ ಹಿಡಿದುಕೊಂಡೇ ಹೇಳಿದಳು: “ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಿ, ಅದು ತೀರ್ಮಾನ ಆಗೋವರೆಗೂ ನಿಮ್ಮನ್ನ ಯಾರೂ ಕಳಿಸೋ ಹಾಗಿಲ್ಲ ಅಂತ ನೀವು ಹೇಳಿದ್ರಂತಲ್ಲ ಅಣ್ಣಾ, ಕ್ಷಮೆನೂ ಕೇಳಿದ್ರಂತೆ.” ನಾನು ಎರಡನ್ನೂ ಹೇಳಿರಲಿಲ್ಲ, ಯಾರಿಗೂ ಯಾವತ್ತೂ ಹೇಳಿದವನಲ್ಲ. ಮೇಲ್ಮನವಿಯ ವಿಷಯ ಹೇಳಲೇಬೇಕು ಎನ್ನುವ ಕಾನೂನಿನ ಆ ಕಲಮನ್ನು ಊರಿನ ಜಗುಲಿಯಲ್ಲಿ ಕೂತು ಬಾಯಿಪಾಠ ಮಾಡಿಯೇ ಈ ನೌಕರಿ ಗಿಟ್ಟಿಸಿದ್ದೆ. ಒಳಗೆ ಹೋದರೆ ಮೇಷ್ಟ್ರು ಮುಂದಿನವರಿಗಾಗಿ ಕುರ್ಚಿ ಒರೆಸುತ್ತಿದ್ದರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.