ಅಕ್ಕನ ಹಲ್ಲುನೋವು

ನಮ್ಮೂರು ಐಗಳಿಯಲ್ಲಿ ಆಗ ದ್ರಾಕ್ಷಿ ಕೊಯ್ಲು. ವಾರವೆಲ್ಲ ಹಣ್ಣಿನ ಕ್ರೇಟುಗಳನ್ನು ಎತ್ತಿ ಎತ್ತಿ ಒಣಗಿಸುವ ಶೆಡ್ಡಿಗೆ ಸಾಗಿಸಿದ್ದೆವು. ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ನನ್ನ ಎಡ ಎದೆಯಲ್ಲಿ ಸೂಜಿ ಚುಚ್ಚಿದಂತಾಯಿತು. ಕೈ ಎತ್ತಿದರೂ ಚುಚ್ಚು, ಉಸಿರು ಎಳೆದರೂ ಚುಚ್ಚು. ಪಕ್ಕದ ತೋಟದ ರೈತರೊಬ್ಬರು, ನಲವತ್ತೂ ದಾಟದ ಗಟ್ಟಿ ಆಳು, ಸ್ವಲ್ಪ ದಿನದ ಹಿಂದಷ್ಟೇ ಎದೆ ಹಿಡಿದು ಕುಳಿತವರು ಮತ್ತೆ ಏಳಲಿಲ್ಲ. ನನಗೆ ಅವರ ಮುಖವೇ ಕಣ್ಣಿಗೆ ಬಂತು. ಹಿಟ್ಟಿನ ಕೈಯಲ್ಲೇ ಎದೆ ಹಿಡಿದು ಕುಳಿತೆ.

ಮನೆಯ ಗಂಡಸರು ಒಣದ್ರಾಕ್ಷಿಯ ಮಾಲು ತೆಗೆದುಕೊಂಡು ತಾಸಗಾಂವದ ಪೇಟೆಗೆ ಹೋಗಿದ್ದರು. ನನ್ನ ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವ ನೆಗೆಣ್ಣಿ, ಒಲೆ ಆರಿಸಿ ಸೀರೆ ಬದಲಿಸಿಬಂದಳು.

"ನಡಿ, ಅಥಣಿಗೆ ಹೋಗೂಣು. ಎದಿ ಅಂದ್ರ ಸುಮ್ನ ಕೂಡೂ ಮಾತಲ್ಲ."

ಅಥಣಿಯಲ್ಲಿ ಬಸ್ಸಿಳಿದು ದವಾಖಾನೆಗೆ ನಡೆದೆವು. ಚೀಲ ಅವಳೇ ಹಿಡಿದಿದ್ದಳು. ಅರ್ಧ ದಾರಿಯಲ್ಲಿ ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತು, ದವಡೆ ಒತ್ತಿಕೊಂಡು, "ಒಂಚೂರು ತಡಿ ಬೇ, ಹಲ್ಲು ಜಗ್ಗಾಕತ್ತೈತಿ" ಎಂದಳು. ಆ ಹಲ್ಲಿಗೆ ಕೆಲವು ವಾರಗಳಿಂದ ಲವಂಗ ಕಚ್ಚಿಕೊಂಡೇ ಓಡಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಡಿಮೆಯಾಯಿತು, ಮತ್ತೆ ನಡೆದೆವು. ದವಾಖಾನೆ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಅವಳು ಹಿಂದೆ ಉಳಿದಳು. ನನ್ನ ಹೆದರಿಕೆಯಲ್ಲಿ ನಾನು ತಿರುಗಿ ನೋಡಲಿಲ್ಲ.

ಡಾಕ್ಟರು ನನ್ನ ಇಸಿಜಿ ತೆಗೆಸಿದರು. ಎಷ್ಟು ದಿನದಿಂದ, ಯಾವಾಗ, ಏನು ಮಾಡುವಾಗ ಎಂದು ಕೇಳಿದರು. ಆಮೇಲೆ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಒತ್ತಿದರು. ನಾನು ಚೀರುವುದೊಂದು ಬಾಕಿ.

"ಹೆದರಬ್ಯಾಡ್ರಿ. ಒತ್ತಿದಲ್ಲೇ ನೋಯ್ತೈತಿ, ಕೈ ಎತ್ತಿದ್ರ ಚುಚ್ಚತೈತಿ, ಇಸಿಜಿನೂ ಛಲೋ ಐತಿ. ಕ್ರೇಟ್ ಎತ್ತಿ ಸ್ನಾಯು ಹಿಡದೈತ್ರಿ. ಆದ್ರ ಬಂದದ್ದ ಛಲೋ ಆತು. ಪಿತ್ತಕ್ಕೂ ಎದಿ ಉರೀತೈತಿ, ಫುಪ್ಪುಸದಾಗ ತ್ರಾಸ ಇದ್ರೂ ನೋಯ್ತೈತಿ. ಮನ್ಯಾಗ ಕುಂತು ಹ್ಯಾಂಗ ತಿಳೀತೈತಿ?"

"ಹಾಂಗಾರ ಹಾರ್ಟಿನ ನೋವು ಹ್ಯಾಂಗಿರ್ತೈತ್ರಿ?" ಎಂದು ಕೇಳಿದೆ.

"ಎದಿ ಮ್ಯಾಲ ಕಲ್ಲ ಹೇರಿದಂಗ ಭಾರ ಆಗ್ತೈತ್ರಿ. ಭುಜಕ್ಕ, ತೋಳಿಗೆ, ಬೆನ್ನಿಗೆ, ದವಡಿಗೆ ಏರ್ತೈತಿ. ಬೆವರು, ದಮ್ಮು, ವಾಕರಿಕಿ. ಕೆಲವರಿಗೆ, ಅದರಾಗೂ ಕೆಲವು ಹೆಣ್ಮಕ್ಕಳಿಗೆ, ಎದಿ ನೋಯೂದೇ ಇಲ್ಲ. ಇಂಥಾ ತ್ರಾಸ ನಡದಾಗ ಬಂದು, ನಿಂತಾಗ ಹೋದ್ರ ಲಗೂನ ತೋರಿಸಬೇಕು. ಕುಂತಾಗೂ ಬಿಡಲಿಲ್ಲಂದ್ರ ಒಂದು ಗಳಿಗೆನೂ ಕಾಯಬಾರದು, ಆಂಬುಲೆನ್ಸ್ ಕರೀಬೇಕು."

ಹಗುರಾಗಿದ್ದ ನನ್ನ ಜೀವ ಮತ್ತೆ ಕುಸಿಯಿತು. ತಿರುಗಿ ನೋಡಿದೆ. ಫ್ಯಾನಿನ ಕೆಳಗೇ ಕುಳಿತಿದ್ದ ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು.

"ಅಕ್ಕಾ, ನಿನ್ನ ಹಲ್ಲು ಉಣ್ಣಾಗ ನೋಯ್ತೈತೋ, ನಡೆಯಾಗೋ?"

"ನಡೆಯಾಗ. ನಂದೇನ ಕೇಳ್ತಿ ಈಗ? ನಿಂದು ಆತಲ್ಲ, ನಡಿ."

ಡಾಕ್ಟರು ಪೆನ್ನು ಕೆಳಗಿಟ್ಟು, "ಅಕ್ಕಾರ, ನೀವೂ ಒಂದೀಟ ಮಲಗ್ರಿ" ಎಂದರು. ಅವಳು ಗೊಣಗುತ್ತಲೇ ಮಲಗಿದಳು. ಇಸಿಜಿ ಸರಿಯಾಗಿಯೇ ಬಂತು. "ನೋಡ್ರಿ, ಏನೂ ಇಲ್ಲ" ಎಂದು ಎದ್ದು ಕುಳಿತಳು. ಡಾಕ್ಟರು ಬಿಡಲಿಲ್ಲ. ಒಮ್ಮೆ ಸರಿ ಬಂದ ಮಾತ್ರಕ್ಕೆ ನಂಬುವಂತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ತೆಗೆಯೋಣ ಎಂದರು. ಅಷ್ಟರಲ್ಲಿ ಅವಳ ಕೈ ಮತ್ತೆ ದವಡೆಗೆ ಹೋಯಿತು. ಈ ಸಲ ಕುಳಿತಲ್ಲೇ ನೋವು ಬಂದಿತ್ತು, ಮುಖ ಬೂದಿಯಂತಾಗಿತ್ತು. ಎರಡನೆಯ ಇಸಿಜಿ ಕಾಗದದಲ್ಲಿ ಗೆರೆ ಬದಲಾದದ್ದನ್ನು ಡಾಕ್ಟರು ಕಂಡರು. ಅವಳನ್ನು ಕೆಲವು ಪ್ರಶ್ನೆ ಕೇಳಿ, ಗುಳಿಗೆ ಅಗಿಯಲು ಕೊಟ್ಟು, ಮಿರಜಿನ ದೊಡ್ಡ ಆಸ್ಪತ್ರೆಗೆ ಫೋನು ಹಚ್ಚಿದರು.

ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕುಳಿತೆ. ಅಂಗೈ ಒದ್ದೆಯಾಗಿತ್ತು, ಅದು ಅವಳ ಬೆವರೋ ನನ್ನದೋ ತಿಳಿಯಲಿಲ್ಲ. ಶೆಡ್ಡಿನ ಹಣ್ಣು ಯಾರು ನೋಡುತ್ತಾರೆ, ಎಮ್ಮೆ ಯಾರು ಹಿಂಡುತ್ತಾರೆ ಎಂದು ಹೇಳುತ್ತಲೇ ಇದ್ದಳು. ಕಾಗವಾಡ ಬರುವಷ್ಟರಲ್ಲಿ ಮಾತು ನಿಂತಿತು. ಆಗಿನಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಅವಳ ಎದೆಯ ಮೇಲಿನ ಸೆರಗು ಏರಿಳಿಯುವುದನ್ನೇ ನೋಡುತ್ತ, ಕಣ್ಣು ಮಿಟುಕಿಸಿದರೆ ಅದು ನಿಂತೀತು ಎಂಬಂತೆ ಕುಳಿತಿದ್ದೆ.

"ಅಕ್ಕಾ, ಮಾತಾಡ."

"ದಣದೇನಿ ತಂಗಿ. ನೀನ ಮಾತಾಡ, ನಾ ಕೇಳ್ತೇನಿ."

ಏನು ಮಾತಾಡಿದೆನೋ ನೆನಪಿಲ್ಲ.

ಹೃದಯದ ಒಂದು ರಕ್ತನಾಳ ಬಹುತೇಕ ಮುಚ್ಚಿಹೋಗಿತ್ತು. ಆ ದಿನವೇ ಸ್ಟೆಂಟ್ ಹಾಕಿದರು. ಭಾವ ತಾಸಗಾಂವದಿಂದ ನೇರವಾಗಿ ಓಡಿ ಬಂದವರು, "ಹಲ್ಲ ನೋಯ್ತೈತಿ ಅಂತಿದ್ಳು, ಕೀಳಿಸಿಕೋ ಅಂತಿದ್ನಿ" ಎಂದು ಗೋಡೆಗೆ ಒರಗಿ ನಿಂತುಬಿಟ್ಟರು.

ಅಕ್ಕ ಮನೆಗೆ ಬಂದಳು. ಈಗ ಗುಳಿಗೆ ತಪ್ಪಿಸುವುದಿಲ್ಲ, ಕರೆದಾಗ ತಪಾಸಣೆಗೆ ಹೋಗುತ್ತಾಳೆ. ಡಾಕ್ಟರು ಧೈರ್ಯ ಹೇಳಿದ್ದಾರೆ. ನನಗೆ ಮಾತ್ರ ಪೂರ್ತಿ ಧೈರ್ಯ ಬಂದಿಲ್ಲ. ಅವಳು ಮಾಳಿಗೆ ಹತ್ತುವಾಗ ಏನಾದರೂ ನೆವ ಮಾಡಿ ಹಿಂದೆಯೇ ಹೋಗುತ್ತೇನೆ, ಅವಳ ಉಸಿರಾಟ ಕೇಳುತ್ತೇನೆ. ಅವಳಿಗೆ ಅದು ಗೊತ್ತು. ಬೈಯುವುದಿಲ್ಲ, ನನಗೆಂದು ಒಂದೊಂದೇ ಮೆಟ್ಟಿಲು ನಿಧಾನವಾಗಿ ಹತ್ತುತ್ತಾಳೆ.